ಬಾನಿಗೊಂದು ವ್ಯಾಕರಣ

ಆಗದ ಹೋಗದ ಕೆಲಸವನ್ನು ಕುರಿತು ‘ಆಕಾಶಕ್ಕೆ ಏಣಿ ಹಾಕಿದಂತೆ’ ಎಂದು ಹೇಳುವ ವಾಡಿಕೆ ನಮ್ಮಲ್ಲುಂಟು. ಏಣಿಯ ಮಾತು ಹಾಗಿರಲಿ, ಮನುಷ್ಯನು ಆಕಾಶಕ್ಕೆ ಬೇಲಿಯನ್ನೇ ಹಾಕಿ ಬಹಳ ಕಾಲವಾಯಿತು. ಭೂಪಟದ ಮೇಲೆ ನಾವು ಎಳೆದುಕೊಂಡ ಗಡಿರೇಖೆಗಳು ನೆಲಕ್ಕಷ್ಟೇ ನಿಲ್ಲದೆ ನೆತ್ತಿಯ ಮೇಲಕ್ಕೂ ಬೆಳೆದು ನಿಂತಿವೆ. ನಡುರಾತ್ರಿಯ ಮೇಲೆ ಬೆಂಗಳೂರನ್ನು ಬಿಟ್ಟು ಬೆಳಗಿನ ಹೊತ್ತಿಗೆ ಫ್ರಾಂಕ್‌ಫರ್ಟ್ ನಗರವನ್ನು ಸೇರುವ ವಿಮಾನವು ಇಂಥ ಹಲವು ಬೇಲಿಗಳನ್ನು ದಾಟುತ್ತದೆ. ಒಂದು ದೇಶದ ನಿಯಂತ್ರಣ ಠಾಣೆಯು ಅದನ್ನು ಇನ್ನೊಂದು ದೇಶದ ಠಾಣೆಯ ಕೈಗೆ ಒಪ್ಪಿಸುತ್ತ ಹೋಗುತ್ತದೆ. ಒಳಗೆ ನಿದ್ರಿಸುತ್ತಿರುವ ಪ್ರಯಾಣಿಕನಿಗೆ ಇದಾವುದರ ಅರಿವೂ ಇರುವುದಿಲ್ಲ. ಅವನ ಆ ನಿದ್ರೆಯು ಯಾರ ಭರವಸೆಯ ಮೇಲೆ ನಿಂತಿದೆ ಎಂಬುದೇ ಇಂದಿನ ನಮ್ಮ ವಿಚಾರ.

1944ರ ನವೆಂಬರ್ ತಿಂಗಳಿನಲ್ಲಿ, ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಅಮೆರಿಕದ ಷಿಕಾಗೊ ನಗರದಲ್ಲಿ ಐವತ್ತಕ್ಕೂ ಮಿಕ್ಕಿದ ರಾಷ್ಟ್ರಗಳ ಪ್ರತಿನಿಧಿಗಳು ಕಲೆತರು. ವಿಮಾನವೆಂದರೆ ಬಾಂಬು ಸುರಿಸುವ ಯಂತ್ರವೆಂದು ಜನ ನಡುಗುತ್ತಿದ್ದ ಕಾಲ ಅದು. ಅದೇ ಯಂತ್ರವು ಶಾಂತಿಯ ದಿನಗಳಲ್ಲಿ ಜನರನ್ನು ಹೊತ್ತು ದೇಶದಿಂದ ದೇಶಕ್ಕೆ ಹಾರಬೇಕಾದರೆ ಯಾವ ಕಟ್ಟಳೆಗಳಿರಬೇಕೆಂದು ಅವರು ಐದು ವಾರಗಳ ಕಾಲ ಚರ್ಚಿಸಿದರು. ಡಿಸೆಂಬರ್ 7ರಂದು 52 ರಾಷ್ಟ್ರಗಳು ಒಡಂಬಡಿಕೆಗೆ ಸಹಿ ಹಾಕಿದವು. ಸ್ವಾತಂತ್ರ್ಯವಿನ್ನೂ ಕೈಗೂಡದಿದ್ದ ಭಾರತವೂ ಅವುಗಳಲ್ಲೊಂದು.

ಆ ಒಡಂಬಡಿಕೆಯ ಮೊದಲನೆಯ ವಿಧಿಯೇ ಬೇಲಿಯ ವಿಧಿ. ತನ್ನ ನೆಲದ ಮೇಲಣ ಆಕಾಶದಲ್ಲಿ ಪ್ರತಿಯೊಂದು ರಾಷ್ಟ್ರಕ್ಕೂ ಸಂಪೂರ್ಣವಾದ, ಅನ್ಯರ ಪಾಲಿಲ್ಲದ ಪರಮಾಧಿಕಾರವುಂಟು ಎಂದು ಅದು ಸಾರುತ್ತದೆ. ಉಳಿದ ವಿಧಿಗಳು ಬಹುಮಟ್ಟಿಗೆ ಆ ಬೇಲಿಯಲ್ಲಿ ಬಾಗಿಲುಗಳನ್ನು ಇಡುವ ಬಗೆಯನ್ನು ಹೇಳುತ್ತವೆ. 1947ರ ಏಪ್ರಿಲ್ 4ರಂದು ಒಡಂಬಡಿಕೆ ಜಾರಿಗೆ ಬಂದು, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನೆಲೆಗೊಂಡಿತು. ಇಂದು ಅದರಲ್ಲಿ 193 ರಾಷ್ಟ್ರಗಳಿವೆ. ಪೈಲಟ್ಟಿನ ಪರವಾನಗಿ, ಹವೆಯ ವರದಿ, ನಕ್ಷೆಗಳು, ಓಡುಹಾದಿಯ ಮೇಲಣ ಗುರುತುಗಳು, ಅಪಘಾತದ ವಿಚಾರಣೆ ಎಂದು ಮುಂತಾಗಿ ಒಡಂಬಡಿಕೆಗೆ 19 ಅನುಬಂಧಗಳಿವೆ. 36 ರಾಷ್ಟ್ರಗಳ ಒಂದು ಮಂಡಲಿಯು ಮೂರನೆಯ ಎರಡು ಪಾಲಿನ ಬಹುಮತದಿಂದ ಇವನ್ನು ಅಂಗೀಕರಿಸುತ್ತದೆ.

ಇಲ್ಲೊಂದು ಸೋಜಿಗವಿದೆ. ಈ ಸಂಸ್ಥೆಗೆ ಪೊಲೀಸರಿಲ್ಲ, ಸೆರೆಮನೆಯಿಲ್ಲ, ದಂಡ ವಿಧಿಸುವ ಅಧಿಕಾರವಿಲ್ಲ. ಒಂದು ನಿಯಮವನ್ನು ಪಾಲಿಸಲಾಗದ ರಾಷ್ಟ್ರವು ಏನು ಮಾಡಬೇಕು? ತನ್ನ ಪದ್ಧತಿ ಎಲ್ಲಿ ಬೇರೆ ಎಂಬುದನ್ನು ಒಡನೆಯೇ ಸಂಸ್ಥೆಗೆ ತಿಳಿಸಬೇಕು. ಇದು 38ನೆಯ ವಿಧಿ. ಭಿನ್ನವಾಗಿ ನಡೆಯುವುದನ್ನು ಅದು ಸೈರಿಸೀತು, ಆದರೆ ಅದನ್ನು ಮುಚ್ಚಿಡುವುದನ್ನು ಒಪ್ಪದು. ಹಾಗೆಂದ ಮಾತ್ರಕ್ಕೆ ನಿಯಮಗಳಿಗೆ ಹಲ್ಲಿಲ್ಲವೆಂದು ತಿಳಿಯಬಾರದು. 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತವು, ನಮ್ಮ ದೇಶದ ಸುರಕ್ಷತಾ ಮೇಲ್ವಿಚಾರಣೆ ಈ ಅಂತರರಾಷ್ಟ್ರೀಯ ಮಟ್ಟಕ್ಕೆ ಸಾಲದೆಂದು ಭಾರತವನ್ನು ಕೆಳಗಿನ ದರ್ಜೆಗೆ ಇಳಿಸಿತು. ನಮ್ಮ ಕಂಪನಿಗಳು ಅಲ್ಲಿಗೆ ಹೊಸ ಹಾರಾಟಗಳನ್ನು ತೊಡಗುವಂತಿರಲಿಲ್ಲ. ಕೊರತೆಗಳನ್ನು ತುಂಬಿಕೊಂಡ ಮೇಲೆ, 2015ರ ಏಪ್ರಿಲ್‌ನಲ್ಲಿ, ಹಿಂದಿನ ದರ್ಜೆ ಮರಳಿತು. ಶಿಕ್ಷಿಸುವ ಒಡೆಯನಿಲ್ಲದಿದ್ದರೂ ನೆರೆಯವನು ಬಾಗಿಲು ಮುಚ್ಚಬಲ್ಲ.

ಸಾಹಿತ್ಯಾಸಕ್ತರಾದ ನಮಗೆ ಈ ವ್ಯವಸ್ಥೆಯಲ್ಲಿ ವಿಶೇಷವಾಗಿ ಕಾಣಬೇಕಾದುದು ಅದು ಮಾತಿಗೆ ಕೊಟ್ಟಿರುವ ಬೆಲೆ. ಕಾವ್ಯದಲ್ಲಿ ಒಂದು ಶಬ್ದವು ಎರಡು ಮೂರು ಅರ್ಥಗಳನ್ನು ಹೊಮ್ಮಿಸಿದರೆ ನಾವು ತಲೆದೂಗುತ್ತೇವೆ. ಧ್ವನಿಯೇ ಕಾವ್ಯದ ಆತ್ಮವೆಂದವರು ನಮ್ಮ ಆಲಂಕಾರಿಕರು. ಬಾನಿನಲ್ಲಿ ಈ ನ್ಯಾಯ ತಲೆಕೆಳಗು. ಅಲ್ಲಿ ಒಂದು ಶಬ್ದಕ್ಕೆ ಎರಡು ಅರ್ಥವಿದ್ದರೆ ಅದು ಮೃತ್ಯುವಿಗೆ ತೆರೆದ ಬಾಗಿಲು.

1977ರ ಮಾರ್ಚ್ 27ರಂದು, ಸ್ಪೇನಿಗೆ ಸೇರಿದ ಟೆನೆರಿಫೆ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಒಂದೇ ಓಡುಹಾದಿಯ ಮೇಲೆ ಎರಡು ಬೋಯಿಂಗ್ 747 ವಿಮಾನಗಳಿದ್ದವು, ಒಂದು ನೆದರ್ಲೆಂಡ್ಸಿನದು, ಇನ್ನೊಂದು ಅಮೆರಿಕದ್ದು. ಮೇಲೇರಿದ ಬಳಿಕ ಹಿಡಿಯಬೇಕಾದ ಮಾರ್ಗವನ್ನು ಕುರಿತು ನಿಯಂತ್ರಕನು ಕೊಟ್ಟ ಸೂಚನೆಯಲ್ಲಿ ‘ಟೇಕಾಫ್’ ಎಂಬ ಪದವಿತ್ತು, ಆದರೆ ಏರುವ ಅನುಮತಿ ಇರಲಿಲ್ಲ. ಡಚ್ ವಿಮಾನವು ಓಡತೊಡಗಿತು. ಅದರ ಸಹಪೈಲಟ್ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥ ಬರುವಂತೆ ಇಂಗ್ಲಿಷಿನಲ್ಲಿ ಹೇಳಿದ್ದು, ಏರಲು ಸಿದ್ಧವಾಗಿ ನಿಂತಿದ್ದೇವೆಂದು ಗೋಪುರದವನ ಕಿವಿಗೆ ಕೇಳಿಸಿತು. ‘ಓಕೆ’ ಎಂದ ಅವನು ಬೆನ್ನಿಗೇ ಕಾಯಿರಿ ಎಂದೂ ಹೇಳಿದ. ಆದರೆ ಅದೇ ಕ್ಷಣದಲ್ಲಿ ಅಮೆರಿಕದ ವಿಮಾನವೂ ಮಾತನಾಡಿದ್ದರಿಂದ ಎರಡು ದನಿಗಳು ಒಂದನ್ನೊಂದು ನುಂಗಿದವು. 583 ಜನ ಮಡಿದರು. ಆ ದುರಂತದ ತರುವಾಯ ‘ಟೇಕಾಫ್’ ಎಂಬ ಪದವನ್ನು ಏರಲು ಅನುಮತಿ ಕೊಡುವಾಗ ಇಲ್ಲವೆ ಅದನ್ನು ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸತಕ್ಕದ್ದು, ಬೇರೆಲ್ಲ ಕಡೆ ‘ಡಿಪಾರ್ಚರ್’ ಎನ್ನತಕ್ಕದ್ದು ಎಂಬ ಕಟ್ಟಳೆ ಬಂದಿತು. ಯಾವ ನಿಘಂಟುಕಾರನೂ ಒಂದು ಪದದ ಅರ್ಥವನ್ನು ನಿಶ್ಚಯಿಸಲು ಇಷ್ಟು ಬೆಲೆ ತೆತ್ತಿರಲಾರ.

ಇಂಥದೇ ಇನ್ನೊಂದು ಕಟ್ಟಳೆಯ ಹಿಂದೆ ನಮ್ಮ ದೇಶದ್ದೇ ನೆಲವಿದೆ. 1996ರ ನವೆಂಬರ್ 12ರ ಸಂಜೆ, ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಹೊರಟ ಸೌದಿ ವಿಮಾನವೂ ದೆಹಲಿಗೆ ಬರುತ್ತಿದ್ದ ಕಜಾಕಸ್ತಾನದ ವಿಮಾನವೂ ಒಂದಕ್ಕೊಂದು ಬಡಿದು 349 ಜನ ಸತ್ತರು. ಒಬ್ಬರಿಗೂ ಜೀವ ಉಳಿಯಲಿಲ್ಲ. ಸೌದಿ ವಿಮಾನಕ್ಕೆ 14,000 ಅಡಿಯೆಂದೂ ಕಜಾಕ್ ವಿಮಾನಕ್ಕೆ 15,000 ಅಡಿಯೆಂದೂ ನಿಯಂತ್ರಕರು ಎತ್ತರ ಗೊತ್ತುಮಾಡಿದ್ದರು. ಎರಡನೆಯದು ತನಗೆ ವಿಧಿಸಿದ ಎತ್ತರಕ್ಕಿಂತ ಕೆಳಗಿಳಿದಿತ್ತು. ಅದರ ಸಿಬ್ಬಂದಿಗೆ ಇಂಗ್ಲಿಷು ಸಾಕಷ್ಟು ಅರ್ಥವಾಗುತ್ತಿರಲಿಲ್ಲ ಎಂಬ ಅಂಶವೂ ವಿಚಾರಣೆಯಲ್ಲಿ ಹೊರಬಂತು. 1998ರಲ್ಲಿ ಮಾಂಟ್ರಿಯಲ್ ಸಂಸ್ಥೆಯ ಮಹಾಸಭೆಯು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. 2003ರಲ್ಲಿ ಮಂಡಲಿಯು ಭಾಷಾ ಸಾಮರ್ಥ್ಯದ ನಿಯಮವನ್ನು ಅಂಗೀಕರಿಸಿತು, 2008ರ ಮಾರ್ಚ್‌ನಿಂದ ಅದು ಅನ್ವಯಕ್ಕೆ ಬಂದಿತು. ಆರು ಮೆಟ್ಟಿಲುಗಳ ಆ ಅಳತೆಗೋಲಿನಲ್ಲಿ ನಾಲ್ಕನೆಯದನ್ನಾದರೂ ಮುಟ್ಟದ ಪೈಲಟ್ಟು ಅಂತರರಾಷ್ಟ್ರೀಯ ಹಾರಾಟಕ್ಕೆ ಅರ್ಹನಲ್ಲ.

ಇದು ಇಂಗ್ಲಿಷಿನ ದೊರೆತನವಲ್ಲವೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನೆಲದ ಠಾಣೆಯು ತನ್ನ ನೆಲದ ನುಡಿಯಲ್ಲಿ ಮಾತನಾಡಲು ನಿಯಮದಲ್ಲಿ ಅವಕಾಶವಿದೆ. ಪೈಲಟ್ಟು ಕೋರಿದರೆ ಇಂಗ್ಲಿಷು ಒದಗಬೇಕು, ಅಷ್ಟೆ. ಅಷ್ಟೇ ಅಲ್ಲ, ಇಂಗ್ಲಿಷನ್ನೇ ತಾಯಿನುಡಿಯಾಗಿ ಉಳ್ಳವನೂ ತನ್ನೂರಿನ ಉಚ್ಚಾರ, ತನ್ನೂರಿನ ನುಡಿಗಟ್ಟುಗಳನ್ನು ಬದಿಗಿಟ್ಟು ದೂರದೇಶದವನಿಗೂ ತಿಳಿಯುವಂತೆ ಮಾತನಾಡಬೇಕು. ರೇಡಿಯೊದಲ್ಲಿ ಒಂದರಂತೆ ಇನ್ನೊಂದು ಕೇಳಿಸುವ ಅಕ್ಷರಗಳಿಗೆ ಆಲ್ಫಾ, ಬ್ರಾವೊ, ಚಾರ್ಲಿ ಎಂಬಂಥ ಹೆಸರುಗಳಿವೆ. 1956ರಲ್ಲಿ ನೆಲೆಗೊಂಡ ಈ ವರ್ಣಮಾಲೆಗಾಗಿ ದುಡಿದವರು ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ಭಾಷಾಶಾಸ್ತ್ರಜ್ಞ ಝಾನ್ ಪೋಲ್ ವಿನೇ. ಒಂಬತ್ತು ಎಂಬ ಅಂಕಿ ಐದರಂತೆ ಕೇಳಿಸೀತೆಂದು ಅದನ್ನು ‘ನೈನರ್’ ಎಂದು ಉಚ್ಚರಿಸುತ್ತಾರೆ. ಯಾರ ಮನೆಯಲ್ಲಿಯೂ ಆಡದ ಮಾತು ಇದು. ಎಲ್ಲರೂ ತಮ್ಮದನ್ನು ತುಸು ತುಸು ಬಿಟ್ಟುಕೊಟ್ಟು ಕಟ್ಟಿಕೊಂಡ ನುಡಿ.

ಈ ನುಡಿಯಲ್ಲಿ ಒಂದು ಶಿಸ್ತು ಉಂಟು. ನಿಯಂತ್ರಕನ ಮುಖ್ಯ ಆಜ್ಞೆಯನ್ನು ಪೈಲಟ್ಟು ಕೇಳಿ ಸುಮ್ಮನಾಗುವಂತಿಲ್ಲ. ಕೇಳಿದ್ದನ್ನು ಮರಳಿ ಹೇಳಬೇಕು, ಹೇಳಿದವನು ಅದನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ತಿದ್ದಬೇಕು. 38ನೆಯ ವಿಧಿಯು ರಾಷ್ಟ್ರಗಳಿಂದ ಬಯಸುವುದೂ ಇಂಥದೇ ನಡತೆಯನ್ನು. ಒಪ್ಪಿದ್ದನ್ನು ಒಪ್ಪಿದೆನೆಂದೂ ಆಗದುದನ್ನು ಆಗದೆಂದೂ ಎಲ್ಲರಿಗೆ ಕೇಳುವಂತೆ ಹೇಳಬೇಕು. ಅಧಿಕಾರವಿಲ್ಲದ ಆ ಸಂಸ್ಥೆಯು ಇಷ್ಟು ಕಾಲ ಬಾನನ್ನು ಆಳಿಕೊಂಡು ಬಂದಿರುವುದು ಈ ಬಲದಿಂದ. ಯಾವ ದಿನ ಒಂದು ರಾಷ್ಟ್ರವು ತನ್ನ ಕೊರತೆಯನ್ನು ನುಡಿಯದೆ ಮುಚ್ಚಿಡುತ್ತದೆಯೋ, ಆ ದಿನ ಆಕಾಶದಲ್ಲಿ ಒಂದು ಶಬ್ದಕ್ಕೆ ಮತ್ತೆ ಎರಡು ಅರ್ಥ ಹುಟ್ಟುತ್ತದೆ.