ಮೊದಲು ಕಿವಿ, ಆಮೇಲೆ ಕಾಗುಣಿತ



ಭಾನುವಾರ ಬೆಳಿಗ್ಗೆ ಇಲ್ಲಿ ಮುಂಬಯಿಯಲ್ಲಿ ನಾನೊಂದು ಪುಟ್ಟ ಕನ್ನಡ ತರಗತಿ ನಡೆಸುತ್ತೇನೆ. ಹನ್ನೆರಡು ಮಕ್ಕಳು. ಅದರಲ್ಲೊಬ್ಬ ಹುಡುಗ ಕಾಗುಣಿತವನ್ನು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ. ನನಗೋ ಹೆಮ್ಮೆ. ಒಂದು ದಿನ ತರಗತಿ ಮುಗಿದು ಹೊರಡುವಾಗ ಊರಿಂದ ಅವನ ಅಜ್ಜಿಯ ಫೋನು ಬಂತು. "ಊಟ ಆಯ್ತಾ ಮಗಾ?" ಎಂದದ್ದು ನನಗೂ ಕೇಳಿಸಿತು. ಹುಡುಗ ನನ್ನ ಮುಖ ನೋಡಿದ, ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟ. ಹಾಗಾದರೆ ಒಂದೂವರೆ ವರ್ಷ ನಾನು ಕಲಿಸಿದ್ದಾದರೂ ಏನು?

ನನಗೆ ಕಲಿಸಿದ ಹಾಗೇ ನಾನೂ ಕಲಿಸಿದ್ದೆ. ಅ ಆ ಇ ಈ, ಕಾಗುಣಿತ, ಒತ್ತಕ್ಷರ, ಆಮೇಲೆ ಪಾಠ. ಆ ಕ್ರಮ ತಪ್ಪೇನಲ್ಲ. ಇದೇ ಊರಿನ ಕನ್ನಡ ರಾತ್ರಿಶಾಲೆಗಳನ್ನು ನೆನೆಯಿರಿ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಪುಸ್ತಕ ಹಿಡಿದ ಕರಾವಳಿಯ ಹುಡುಗರು ಅಲ್ಲಿ ಓದಿ ಮೇಲೆ ಬಂದರು. ಅವರಲ್ಲಿ ಎಷ್ಟೋ ಜನರ ಮನೆಮಾತು ತುಳು. ಆದರೂ ಊರಿನ ಶಾಲೆ, ಯಕ್ಷಗಾನದ ಅರ್ಥಗಾರಿಕೆ ಇವುಗಳಿಂದ ಕಿವಿಯಲ್ಲಿ ಕನ್ನಡ ತುಂಬಿತ್ತು. ಬೇಕಾಗಿದ್ದದ್ದು ಓದು, ಬರಹ, ಒಂದು ಸರ್ಟಿಫಿಕೇಟು.

ಈಗಿನ ಮಗುವಿನದು ತಿರುಗುಮುರುಗು. ಶಾಲೆಯಲ್ಲಿ ಮರಾಠಿ ಕಲಿತಿರುವುದರಿಂದ ಕ ಖ ಗ ಘ ಕ್ರಮ ಗೊತ್ತು, ಳಕಾರವೂ ಗೊತ್ತು. ಎಡವುವುದು ಎಲ್ಲಿ ಗೊತ್ತೆ? ಎ-ಏ, ಒ-ಓ ಗಳಲ್ಲಿ. ಹ್ರಸ್ವ ಎ, ಒ ಗಳಿಗೆ ಮರಾಠಿಯಲ್ಲಿ ಬೇರೆ ಅಕ್ಷರವಿಲ್ಲ. ಹಾಗಾಗಿ 'ಕೊಡು' ಹೋಗಿ 'ಕೋಡು' ಆಗುತ್ತದೆ, ಊರಿನ 'ಕೆರೆ' 'ಕೇರೆ' ಹಾವಾಗಿ ಹರಿದು ಹೋಗುತ್ತದೆ! ನೂರು ಸಲ ಬರೆಸಿದರೂ ಇದು ನೆಟ್ಟಗಾಗದು, ಕೇಳಿ ಕೇಳಿಯೇ ಆಗಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿದ್ದಲ್ಲೆಲ್ಲ ಕನಿಷ್ಠ 5ನೇ ತರಗತಿಯವರೆಗೆ ಮನೆಮಾತಿನಲ್ಲಿ ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಸಿ ಎನ್ನುತ್ತದೆ. ಒಳ್ಳೆಯದೇ. ಆದರೆ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ನಮ್ಮಂಥವರಿಗೆ ಉಳಿದಿರುವುದು ವಾರಕ್ಕೆ ಒಂದೂವರೆ ಗಂಟೆ, ಮತ್ತೆ ಮನೆಯ ಅಡುಗೆಕೋಣೆ.

ಆ ಒಂದೂವರೆ ಗಂಟೆಯನ್ನೇ ಈಗ ಬದಲಿಸಿದ್ದೇನೆ. ಮೊದಲ ಮೂರು ತಿಂಗಳು ಬರವಣಿಗೆ ಇಲ್ಲ. ತರಕಾರಿ ಚೀಲ ಒಯ್ಯುತ್ತೇನೆ. ಕೊಳ್ಳುವವರು, ಮಾರುವವರು, ಚೌಕಾಸಿ, ಗಲಾಟೆ. ಮನೆಪಾಠ ಒಂದೇ: ಅಜ್ಜಿಗೆ ಫೋನು ಮಾಡಿ ಒಂದು ಅಡುಗೆ ಕೇಳಿಕೊಂಡು ಬಾ. "ಮೇಡಂ, ನೋಟ್‌ಬುಕ್ ಖಾಲಿ ಇದೆಯಲ್ಲ" ಎಂದು ತಂದೆಯೊಬ್ಬರು ಆಕ್ಷೇಪಿಸಿದರು. ಅವರದೂ ತಪ್ಪಲ್ಲ, ಬರೆದದ್ದು ಕಣ್ಣಿಗೆ ಕಾಣುತ್ತದೆ, ಕೇಳಿದ್ದು ಕಾಣುವುದಿಲ್ಲ. ಕನ್ನಡದಲ್ಲಿ ಬಿ.ಎ. ಮಾಡಿದವಳು ನಾನು, ಓದು-ಬರಹ ಬೇಡವೆಂದರೆ ನನ್ನ ಗುರುಗಳು ಬಿಟ್ಟಾರೆಯೆ? ನಾಲ್ಕನೇ ತಿಂಗಳು ಅಕ್ಷರ ಬಂದೇ ಬರುತ್ತದೆ.

ಆ ಹುಡುಗ ಕಳೆದ ವಾರ ಪತ್ರೊಡೆ ಕೇಳಿಕೊಂಡು ಬಂದ. ಕೆಸುವಿನ 'ಏಲೆ' ಎಂದನಂತೆ, ಅಜ್ಜಿ ನಕ್ಕು ತಿದ್ದಿದರಂತೆ. ಅಕ್ಕಿ ಎಷ್ಟು ಹೊತ್ತು ನೆನೆಸಬೇಕೆಂದು ಕೇಳಲು ಮರೆತಿದ್ದಾನೆ. ಇವತ್ತು ಸಂಜೆ ಮತ್ತೆ ಫೋನು ಮಾಡುತ್ತಾನಂತೆ.