ಕಂಪನಿ ಮುಚ್ಚಿದ ಮೇಲೆ ಕಿವಿಯೊಳಗಿನ ಯಂತ್ರಕ್ಕೆ ಯಾರು ದಿಕ್ಕು?



ಇವತ್ತು ಒಂದು ಪದದಿಂದ ಶುರು ಮಾಡೋಣ: ಫೆಲೋ. ಕಾಲೇಜಲ್ಲಿ ‘ಅವನೊಬ್ಬ ವಿಚಿತ್ರ ಫೆಲೋ’ ಅಂತೀವಲ್ಲ, ಅದಲ್ಲ. ಒಂದು ಸಂಸ್ಥೆ ಸೇರಿಕೊಂಡು, ಒಂದು ವಿಷಯದ ಬಗ್ಗೆ ಓದಿ, ಬರೆದು, ವಾದ ಮಾಡುವವರಿಗೂ ಫೆಲೋ ಅಂತಾರೆ.

ತಂತ್ರಜ್ಞಾನ ನಮ್ಮ ದೇಹ, ಮಿದುಳನ್ನೇ ಬದಲಾಯಿಸಿದರೆ ಏನಾಗುತ್ತೆ ಅಂತ ಯೋಚಿಸೋಕೂ ಸಂಸ್ಥೆಗಳಿವೆ. ಅಮೆರಿಕದಲ್ಲಿ 2004ರಲ್ಲಿ ನಿಕ್ ಬೋಸ್ಟ್ರಂ ಮತ್ತು ಜೇಮ್ಸ್ ಹ್ಯೂಸ್ ಸೇರಿ ‘ಇನ್‌ಸ್ಟಿಟ್ಯೂಟ್ ಫಾರ್ ಎಥಿಕ್ಸ್ ಅಂಡ್ ಎಮರ್ಜಿಂಗ್ ಟೆಕ್ನಾಲಜೀಸ್’ ಕಟ್ಟಿದರು. ಒಬ್ಬರು ತತ್ವಶಾಸ್ತ್ರದವರು, ಇನ್ನೊಬ್ಬರು ಸಮಾಜಶಾಸ್ತ್ರದವರು. ಇಂಥ ಕಡೆ ಹೊಸ ಫೆಲೋಗಳು ಸೇರ್ತಾನೇ ಇರ್ತಾರೆ. ಮನುಷ್ಯ ನೂರೈವತ್ತು ವರ್ಷ ಬದುಕಬಹುದಾ, ನೆನಪಿನ ಶಕ್ತಿಗೆ ಚಿಪ್ ಹಾಕಬಹುದಾ, ಇಂಥವು ಅವರ ಪ್ರಶ್ನೆಗಳು.

‘ದಾವಣಗೆರೆಯಲ್ಲಿ ಕೂತಿರೋ ನಮಗ್ಯಾಕೆ ಇದೆಲ್ಲ?’ ಅಂತೀರಾ? ಸ್ವಲ್ಪ ಕೇಳಿ.

ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕ್ತಾರೆ. ಕಿವಿಯ ಹಿಂದೆ ಒಂದು ಪ್ರೊಸೆಸರ್. ಚರ್ಮದ ಕೆಳಗೆ ಒಂದು ರಿಸೀವರ್. ಅಲ್ಲಿಂದ ಸಣ್ಣ ಎಲೆಕ್ಟ್ರೋಡ್‌ಗಳು ಒಳಕಿವಿಗೆ ಹೋಗಿ, ಶಬ್ದವನ್ನು ವಿದ್ಯುತ್ ಸಂಕೇತವಾಗಿ ನರಕ್ಕೆ ಮುಟ್ಟಿಸ್ತವೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಬಡ ಕುಟುಂಬದ ಪುಟ್ಟ ಮಕ್ಕಳಿಗೆ ಇದಕ್ಕೆ ಸರ್ಕಾರದ ನೆರವಿದೆ. ಅಂದ್ರೆ ದೇಹದೊಳಗೆ ಯಂತ್ರ ಅನ್ನೋದು ಸಿನಿಮಾ ಕಥೆಯಲ್ಲ, ನಮ್ಮ ಅಂಗನವಾಡಿ ಮಕ್ಕಳ ವಯಸ್ಸಿನ ವಿಷಯ.

ಆಪರೇಷನ್ ಒಂದೇ ದಿನದ ಮಾತು. ಆಮೇಲೆ ಮಾತಿನ ತರಬೇತಿ ವರ್ಷಗಟ್ಟಲೆ ಬೇಕು. ಬ್ಯಾಟರಿ, ಕೇಬಲ್, ಪ್ರೊಸೆಸರ್ ಹಾಳಾಗ್ತವೆ. ಎರಡು ವರ್ಷದ ಮಗು ಇನ್ನೂ ಎಪ್ಪತ್ತು ವರ್ಷ ಬದುಕಬೇಕು. ನಿಮ್ಮ ಕೈಲಿರೋ ಫೋನಿಗೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತೆ, ಹೇಳಿ?

ಕಂಪನಿ ಕೈಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ಇದೆ. ಅಮೆರಿಕದ ಸೆಕೆಂಡ್ ಸೈಟ್ ಕಂಪನಿ ‘ಆರ್ಗಸ್ 2’ ಅನ್ನೋ ಕೃತಕ ರೆಟಿನಾ ಮಾಡಿತ್ತು. 2013ರಲ್ಲಿ ಅಲ್ಲಿ ಅನುಮತಿ ಸಿಕ್ತು. ಜಗತ್ತಿನಾದ್ಯಂತ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. 2019ರ ಹೊತ್ತಿಗೆ ಕಂಪನಿ ಅದನ್ನು ಕೈಬಿಟ್ಟಿತು, 2020ರಲ್ಲಿ ಬಹುಪಾಲು ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಯಂತ್ರ ಜನರ ಕಣ್ಣೊಳಗೇ ಉಳೀತು. ಕೆಟ್ಟರೆ ರಿಪೇರಿ ಮಾಡೋರು ಇರಲಿಲ್ಲ.

ಈಗ ಹರಿಹರಕ್ಕೆ ಬನ್ನಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇಲ್ಲಿ ಲೇತ್ ತಯಾರಿಸ್ತಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕದ ಮೇಲಾಯ್ತು. ಆದರೆ ಅದರ ಲೇತ್‌ಗಳು ಇವತ್ತಿಗೂ ವರ್ಕ್‌ಶಾಪ್‌ಗಳಲ್ಲಿ ಓಡ್ತಿವೆ. ಯಾಕೆ? ಗೇರಿನ ಹಲ್ಲು ಮುರಿದರೆ ಒಳ್ಳೇ ಕೆಲಸಗಾರ ಅಳತೆ ತಗೊಂಡು ಇನ್ನೊಂದು ಗೇರ್ ಮಾಡಿ ಕೂರಿಸ್ತಾನೆ. ಯಾರ ಪಾಸ್‌ವರ್ಡೂ ಬೇಕಿಲ್ಲ. ಕಂಪನಿ ಸತ್ತರೂ ಯಂತ್ರ ಬದುಕುತ್ತೆ. ಇಂಪ್ಲಾಂಟ್ ಹಾಗಲ್ಲ, ಅದರ ಸಾಫ್ಟ್‌ವೇರ್ ಬೀಗದ ಕೀ ಕಂಪನಿ ಹತ್ತಿರಾನೇ ಇರುತ್ತೆ.

2024ರ ಜನವರಿಯಲ್ಲಿ ನ್ಯೂರಾಲಿಂಕ್ ಮೊದಲ ಬಾರಿಗೆ ಮನುಷ್ಯನ ಮಿದುಳಿಗೆ ಚಿಪ್ ಹಾಕಿತು. ಇವತ್ತು ಅದು ಕೈಕಾಲು ಆಡದವರಿಗೆ. ನಾಳೆ ಆರೋಗ್ಯವಂತರಿಗೂ ಮಾರಬಹುದು. ಹಾಗಾಗಿ ಹೊಸ ಫೆಲೋಗಳಿಗೆ ನಮ್ಮೂರಿಂದ ಮೂರು ಬೇಡಿಕೆ ಇಡಬಹುದು.

ಒಂದು, ಇಂಪ್ಲಾಂಟ್ ಖರೀದಿ ಒಪ್ಪಂದದಲ್ಲೇ ಎಷ್ಟು ವರ್ಷ ಬಿಡಿಭಾಗ ಸಿಗುತ್ತೆ ಅಂತ ಬರೆದಿರಬೇಕು. ಎರಡು, ಕಂಪನಿ ಮುಚ್ಚಿದರೆ ಅದರ ವಿನ್ಯಾಸ, ಸಾಫ್ಟ್‌ವೇರ್ ಒಂದು ಸಾರ್ವಜನಿಕ ಸಂಸ್ಥೆಗೆ ಸಿಗಬೇಕು. ಮೂರು, ಫೆಲೋಗಳ ಸಾಲಿನಲ್ಲಿ ಯಂತ್ರ ಹಾಕಿಸಿಕೊಂಡವರೂ ಇರಬೇಕು, ಆ ಮಕ್ಕಳ ಅಪ್ಪ-ಅಮ್ಮಂದಿರೂ ಇರಬೇಕು.

ದಾವಣಗೆರೆಯಲ್ಲಿ ಜೆಜೆಎಂ ಮೆಡಿಕಲ್ ಕಾಲೇಜಿದೆ. ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಂಗವಿಕಲರ ಪುನರ್ವಸತಿಗೆ ಕೇಂದ್ರ ಸರ್ಕಾರದ ಸಿಆರ್‌ಸಿ ಕೂಡ ಇಲ್ಲೇ ಇದೆ. ಡಾಕ್ಟರ್, ಎಂಜಿನಿಯರ್, ಥೆರಪಿಸ್ಟ್ ಮೂವರೂ ಒಂದೇ ಊರಲ್ಲಿದ್ದಾರೆ. ನೀವು ಫೈನಲ್ ಇಯರ್‌ನಲ್ಲಿದ್ದರೆ ಪ್ರಾಜೆಕ್ಟ್‌ಗೆ ಇನ್ನೊಂದು ಆ್ಯಪ್ ಮಾಡೋ ಮೊದಲು, ಕಿವಿಗೆ ಯಂತ್ರ ಹಾಕಿಸಿಕೊಂಡ ಮಗುವಿನ ಅಮ್ಮನ ಹತ್ತಿರ ಒಂದರ್ಧ ಗಂಟೆ ಮಾತಾಡಿ. ಕೇಬಲ್ ಹೋದಾಗ ಎಲ್ಲಿಗೆ ಓಡಿದ್ರಿ, ಎಷ್ಟು ದಿನ ಮಗುವಿಗೆ ಶಬ್ದ ಇರಲಿಲ್ಲ, ಕೇಳಿ. ಆ ಉತ್ತರ ಬರೆದುಕೊಂಡರೆ ಫೆಲೋ ಆಗೋ ಕೆಲಸ ಅರ್ಧ ಶುರುವಾದಂಗೆ.