ಬಲೂನಿನೊಳಗಿನ ಗಣಿತ

(ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಗಣಿತವೆಂದರೆ ಸೂತ್ರಗಳ ಪಟ್ಟಿ, ಸೂತ್ರ ಬಾಯಿಪಾಠವಾದರೆ ಅಂಕ ಖಚಿತ ಎಂಬ ಭಾವನೆ ನಮ್ಮ ಮಕ್ಕಳಲ್ಲಿ ಬೇರೂರಿದೆ. ಈಗ ಅದರ ಜೊತೆಗೆ ಇನ್ನೊಂದು ಮಾತೂ ಕೇಳಿಬರುತ್ತಿದೆ: "ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ, ಪ್ರೋಗ್ರಾಮನ್ನು ಕೃತಕ ಬುದ್ಧಿಮತ್ತೆ ಬರೆದುಕೊಡುತ್ತದೆ, ನಾನೇಕೆ ಕಲಿಯಬೇಕು?" ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ವಸ್ತುವೊಂದು ಆಟಿಕೆ ಅಂಗಡಿಯಲ್ಲೇ ಸಿಗುತ್ತದೆ. ಅದೇ ಬೆಳ್ಳಿಯಂತೆ ಹೊಳೆಯುವ ಫಾಯಿಲ್ ಬಲೂನು.

ರಬ್ಬರ್ ಬಲೂನು ಹಿಗ್ಗುತ್ತದೆ, ಫಾಯಿಲ್ ಹಿಗ್ಗುವುದಿಲ್ಲ. ಒಂದೇ ಅಳತೆಯ ಎರಡು ವೃತ್ತಾಕಾರದ ಹಾಳೆಗಳನ್ನು ಅಂಚಿನಲ್ಲಿ ಬೆಸೆದು ಗಾಳಿ ತುಂಬಿದರೆ ಯಾವ ಆಕಾರ ಬರುತ್ತದೆ? ಗೋಳವೇ? ಅಲ್ಲ. ಮೊಟ್ಟೆಯಾಕಾರವೇ? ಅದೂ ಅಲ್ಲ. ಅಮೆರಿಕದ ಗಣಿತಜ್ಞ ವಿಲಿಯಂ ಪಾಲ್ಸನ್ 1994ರಲ್ಲಿ ಇದೇ ಪ್ರಶ್ನೆಯನ್ನು ತಲೆಬರಹವಾಗಿಟ್ಟು ಲೇಖನವೊಂದನ್ನು ಪ್ರಕಟಿಸಿದರು. ನಡುವಿನಿಂದ ಅಂಚಿನವರೆಗೆ ಹಾಳೆಯ ಮೇಲೆ ಎಳೆದ ಗೆರೆಯ ಉದ್ದ ಬದಲಾಗಬಾರದು. ಒಳಗೆ ಹಿಡಿಯುವ ಗಾಳಿ ಅತ್ಯಂತ ಹೆಚ್ಚಾಗಬೇಕು. ಈ ಎರಡು ನಿಯಮಗಳಿಂದಲೇ ಬಲೂನಿನ ಆಕಾರ ನಿರ್ಧಾರವಾಗುತ್ತದೆ.

ಉಬ್ಬಿದ ಬಲೂನಿನ ತ್ರಿಜ್ಯವನ್ನು 1 ಎಂದಿಟ್ಟುಕೊಳ್ಳಿ. ಕೇಂದ್ರದಿಂದಿರುವ ದೂರದ ನಾಲ್ಕನೇ ಘಾತವನ್ನು 1ರಿಂದ ಕಳೆದು, ವರ್ಗಮೂಲ ತೆಗೆದು, 1ನ್ನು ಅದರಿಂದ ಭಾಗಿಸಿ, 0ಯಿಂದ 1ರವರೆಗೆ ಅನುಕಲನ ಮಾಡಿದರೆ ಚಪ್ಪಟೆ ಹಾಳೆಯ ತ್ರಿಜ್ಯ ಸಿಗುತ್ತದೆ. ಆದರೆ ಪಿಯುಸಿ ಪುಸ್ತಕದ ಯಾವ ಸೂತ್ರದಿಂದಲೂ ಈ ಅನುಕಲನವನ್ನು ಬಿಡಿಸಲಾಗದು. ಇಲ್ಲಿ ಕಂಪ್ಯೂಟರ್ ನೆರವಿಗೆ ಬರುತ್ತದೆ.

ಪೈಥಾನ್ ಎಂಬ ಉಚಿತ ಭಾಷೆಯಲ್ಲಿ ಹತ್ತು ಸಾಲಿನ ಸ್ಕ್ರಿಪ್ಟ್ ಬರೆಯಿರಿ. ಅಂಚಿನ ಬಿಂದುವನ್ನೂ ಸೇರಿಸಿಕೊಂಡರೆ ಸೊನ್ನೆಯಿಂದ ಭಾಗಿಸಿದ ದೋಷವೆಂದು ಯಂತ್ರವೇ ಎಚ್ಚರಿಸುತ್ತದೆ. ಆ ಬಿಂದುವನ್ನು ತಪ್ಪಿಸಿ, 1000 ಪಟ್ಟಿಗಳನ್ನು ಮಾಡಿ, ಪ್ರತಿಯೊಂದರ ನಡುಬಿಂದುವಿನ ಬೆಲೆ ತೆಗೆದುಕೊಂಡು ಕೂಡಿದರೆ ಉತ್ತರ ಸುಮಾರು 1.30 ಬರುತ್ತದೆ. ಈ ಸಲ ಯಾವ ಎಚ್ಚರಿಕೆಯೂ ಇಲ್ಲ. ಆದರೆ ಉತ್ತರ ತಪ್ಪು! ಅಂಚಿನ ಬಳಿ ಬೆಲೆ ಮಿತಿಯಿಲ್ಲದೆ ಏರುವುದೇ ಇದಕ್ಕೆ ಕಾರಣ.

ಈಗ ತ್ರಿಕೋನಮಿತಿ ನೆನಪಿಸಿಕೊಳ್ಳಿ. ದೂರದ ಬದಲು ಒಂದು ಕೋನದ ಸೈನ್ ಬೆಲೆಯನ್ನು ಇಡಿ. ಆಗ ಛೇದವು 1ಕ್ಕೆ ಸೈನ್ ವರ್ಗ ಸೇರಿಸಿದ ಮೊತ್ತದ ವರ್ಗಮೂಲವಾಗುತ್ತದೆ. ಅದು ಎಂದೂ ಸೊನ್ನೆಯಾಗದು. ಸೊನ್ನೆಯಿಂದ 90 ಡಿಗ್ರಿಯವರೆಗೆ ಬರೀ ನಾಲ್ಕು ಪಟ್ಟಿಗಳನ್ನು ಮಾಡಿ ಟ್ರೆಪೀಜಿಯಂ ನಿಯಮ ಹಚ್ಚಿದರೆ 1.31103 ಬರುತ್ತದೆ. ಸಾವಿರ ಪಟ್ಟಿಗಳು ಮಾಡಲಾಗದ ಕೆಲಸವನ್ನು ನಾಲ್ಕು ಪಟ್ಟಿಗಳು ಮಾಡಿದವು. ವ್ಯತ್ಯಾಸ ಯಂತ್ರದ ವೇಗದಲ್ಲಿರಲಿಲ್ಲ, ವಿದ್ಯಾರ್ಥಿಯ ತಿಳಿವಳಿಕೆಯಲ್ಲಿತ್ತು.

ಚಪ್ಪಟೆಯಾಗಿರುವಾಗ 45 ಸೆಂ.ಮೀ. ವ್ಯಾಸವಿರುವ ಬಲೂನನ್ನು ತೆಗೆದುಕೊಳ್ಳೋಣ. ಉಬ್ಬಿದ ಮೇಲೆ ಅದರ ವ್ಯಾಸ ಸುಮಾರು 34.3 ಸೆಂ.ಮೀ., ದಪ್ಪ ಸುಮಾರು 20.6 ಸೆಂ.ಮೀ., ಒಳಗಿನ ಗಾಳಿ ಸುಮಾರು 13.9 ಲೀಟರ್. 141 ಸೆಂ.ಮೀ. ಇದ್ದ ಅಂಚಿನ ಸುತ್ತಳತೆ 108ಕ್ಕೆ ಇಳಿಯುತ್ತದೆ. ಉಳಿದ 33 ಸೆಂ.ಮೀ. ಎಲ್ಲಿ ಹೋಯಿತು? ಅಂಚಿನುದ್ದಕ್ಕೂ ನಾವು ನೋಡುವ ಸುಕ್ಕುಗಳಾಯಿತು.

ಇನ್ನೊಂದು ಸೋಜಿಗವಿದೆ. 1 ಮತ್ತು 2ರ ವರ್ಗಮೂಲ, ಅಂದರೆ 1.41421, ಇವೆರಡರ ಸಮಾಂತರ ಮಾಧ್ಯ 1.20711, ಗುಣೋತ್ತರ ಮಾಧ್ಯ 1.18921. ಹೊಸದಾಗಿ ಬಂದ ಈ ಎರಡಕ್ಕೂ ಮತ್ತೆ ಹಾಗೆಯೇ ಮಾಡಿರಿ. ಕೆಲವೇ ಹೆಜ್ಜೆಗಳಲ್ಲಿ ಎರಡೂ 1.19814ರಲ್ಲಿ ಕೂಡಿಕೊಳ್ಳುತ್ತವೆ. ಬಲೂನಿನ ದಪ್ಪವನ್ನು ಉಬ್ಬಿದ ತ್ರಿಜ್ಯದಿಂದ ಭಾಗಿಸಿದರೆ ಸಿಗುವುದೂ ಇದೇ ಸಂಖ್ಯೆ! ಪೈಯನ್ನು 1.31103ರ ಎರಡರಷ್ಟರಿಂದ ಭಾಗಿಸಿದರೂ ಇದೇ ಬರುತ್ತದೆ. ಈ ಹೊಂದಾಣಿಕೆ 11 ದಶಮಾಂಶ ಸ್ಥಾನಗಳವರೆಗೆ ಸರಿಯಿದೆಯೆಂದು ಜರ್ಮನಿಯ ಗೌಸ್ 1799ರ ಮೇ 30ರಂದು ತಮ್ಮ ದಿನಚರಿಯಲ್ಲಿ ಗುರುತಿಸಿದರು. ಆಗ ಅವರ ವಯಸ್ಸು 22; ಕೈಯಲ್ಲಿ ಇದ್ದದ್ದು ಲೇಖನಿ ಮತ್ತು ಕಾಗದ ಮಾತ್ರ. ಫಾಯಿಲ್ ಬಲೂನು ಬರಲು ಇನ್ನೂ ಶತಮಾನಕ್ಕಿಂತ ಹೆಚ್ಚು ಕಾಲವಿತ್ತು. ಇಂದು ಯಾವ ಉಪಯೋಗಕ್ಕೆ ಎಂದು ಕೇಳಿಸಿಕೊಳ್ಳುವ ಗಣಿತ ನಾಳೆ ಎಲ್ಲಿ ಕೈಹಿಡಿಯುತ್ತದೆಯೋ ಹೇಳಲಾಗದು.

ಆದ್ದರಿಂದ ವಿದ್ಯಾರ್ಥಿಗಳೇ, ಕಂಪ್ಯೂಟರನ್ನು ಧಾರಾಳವಾಗಿ ಬಳಸಿರಿ. ಆದರೆ ಪರದೆಯ ಮೇಲೆ ಮೂಡಿದ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿರಿ. ಇನ್ನೊಂದು ದಾರಿಯಲ್ಲಿ ಲೆಕ್ಕ ಹಾಕಿ ನೋಡಿರಿ. ಅಳತೆಪಟ್ಟಿ ಹಿಡಿದು ಬಲೂನನ್ನೇ ಅಳೆಯಿರಿ. ನಾಳೆ ನೀವು ಕಟ್ಟಡವನ್ನೋ ಸೇತುವೆಯನ್ನೋ ವಿನ್ಯಾಸ ಮಾಡುವಾಗ, ರೋಗಿಗೆ ಔಷಧದ ಪ್ರಮಾಣ ನಿಗದಿಮಾಡುವಾಗ, ಎಚ್ಚರಿಕೆ ಕೊಡದೆ ಬರುವ ಇಂಥ ತಪ್ಪುತ್ತರಕ್ಕೆ ಬೆಲೆ ತೆರುವವರು ಬೇರೆಯವರು. ಅದನ್ನು ತಡೆಯುವ ಜವಾಬ್ದಾರಿ ಕಲಿತವರದು. ಆ ಜವಾಬ್ದಾರಿಗೆ ನೀವು ಇಂದಿನಿಂದಲೇ ಸಿದ್ಧರಾಗಿರಿ ಎಂದು ಹಾರೈಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.